ತಂಗಿಯ ವೆಬ್‌ಸೈಟಿನ ಕೆಂಪು ಚುಕ್ಕಿ

ತಂಗಿಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವನ್ನು ನನಗೆ ಯಾರೂ ಹೊರಿಸಲಿಲ್ಲ. ನಾನೇ ಕೇಳಿ ತೆಗೆದುಕೊಂಡೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ತೆಲುಗು ಸೀಮೆಯ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ, ರಾಸಾಯನಿಕ ಕುದಿಸುವ ರಿಯಾಕ್ಟರ್ ಮುಂದೆ ನಿಲ್ಲುವ ಆಪರೇಟರ್. ತಂಗಿ ಡಿಗ್ರಿ ಮುಗಿಸಿದವಳು. ಅವಳ ಓದಿನಲ್ಲಿ ನನ್ನ ಕೈ ಸೇರಲಿಲ್ಲ, ಕೆಲಸದಲ್ಲಾದರೂ ಸೇರಲಿ ಎಂಬ ಆಸೆ ಇತ್ತು.

ಅವಳು ಮದುವೆಯ ಬ್ಲೌಸುಗಳ ಮೇಲೆ ಮಗ್ಗಂ ಕೆಲಸ ಮಾಡುತ್ತಾಳೆ. ಮಂಚದಷ್ಟು ದೊಡ್ಡ ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಕೊಕ್ಕೆಯಂಥ ಸೂಜಿಯಿಂದ ಜರಿ, ಮಣಿ ಕೂಡಿಸುವ ಕೆಲಸ. ಅಪ್ಪ ಕಲಬುರಗಿ ಕಡೆಯಿಂದ ಇಲ್ಲಿಯ ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆ ಬಂದಾಗ ಕಟ್ಟಿಸಿದ ಮನೆ ನಮ್ಮದು. ಅದರ ಮುಂದಿನ ಕೋಣೆಯ ತುಂಬ ಆ ಚೌಕಟ್ಟೇ ಇದೆ. ಬಂದವರು ಗೋಡೆಗೆ ಬೆನ್ನು ಉಜ್ಜಿಕೊಂಡೇ ಒಳಗೆ ಬರಬೇಕು.

ವೆಬ್‌ಸೈಟ್ ಮಾಡಬೇಕೆಂದಾಗ ಅವಳು ಸಲಹೆ ಕೇಳಿದ್ದು ಇಲ್ಲೇ ಹತ್ತಿರದ ಮಣಿಕೊಂಡದಲ್ಲಿರುವ, ಮೈಸೂರು ಕಡೆಯ ಒಬ್ಬರು ಸಾಫ್ಟ್‌ವೇರ್ ಎಂಜಿನಿಯರರನ್ನು. ಅವರ ಹೆಂಡತಿ ತಂಗಿಯ ಹಳೆಯ ಗಿರಾಕಿ. ಅವರು ಒಂದು ಭಾನುವಾರ ಬಂದು, ಚೌಕಟ್ಟಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಎರಡು ದಾರಿ ಹೇಳಿದರು. ಒಂದು, ತಿಂಗಳ ಬಾಡಿಗೆ ಕಟ್ಟಿಸಿಕೊಂಡು ಎಲ್ಲವನ್ನೂ ತಾವೇ ನೋಡಿಕೊಳ್ಳುವ ಕಂಪನಿ. ಇನ್ನೊಂದು, ಉಚಿತವಾಗಿ ಸಿಗುವ ಓಪನ್ ಸೋರ್ಸ್ ತಂತ್ರಾಂಶ. ಕೋಡ್ ಬರೆಯಲು ಬಾರದವರೂ ಅದರಲ್ಲಿ ಪುಟ ಕಟ್ಟಬಹುದು, ಚಿತ್ರ ಹಾಕಬಹುದು.

"ಇದು ಯಾರದೂ ಅಲ್ಲ, ಎಲ್ಲರದೂ ಹೌದು," ಅಂದರು. "ಎಲ್ಲೆಲ್ಲೋ ಕೂತವರು ಬರೆದು ಬಿಟ್ಟಿದ್ದಾರೆ. ಕೋಡ್ ತೆರೆದೇ ಇರುತ್ತೆ. ಯಾರು ಬೇಕಾದ್ರೂ ನೋಡಬಹುದು, ಬದಲಾಯಿಸಬಹುದು."

"ಕಳ್ಳನೂ ನೋಡಬೌದಲ್ರಿ ಮತ್ತ?" ಅಂದೆ.

ಅವರು ನಕ್ಕರು. "ನೋಡ್ತಾನೆ. ಆದ್ರೆ ಕಾಯೋರೂ ನೋಡ್ತಿರ್ತಾರೆ. ತೂತು ಕಂಡ ತಕ್ಷಣ ತೇಪೆ ಕಳಿಸ್ತಾರೆ. ಅದನ್ನ ಹಚ್ಚೋದು ಮಾತ್ರ ನಮ್ಮ ಕೆಲಸ. ಯಾರೂ ಬಂದು ಮಾಡಿಕೊಡಲ್ಲ."

"ನಮ್ಮ ಓಣಿ ಬೋರ್‌ವೆಲ್ ಇದ್ದಂಗ ಅನ್ರಿ," ತಂಗಿ ಅಂದಳು. "ನೀರು ಎಲ್ಲಾರಿಗೂ. ಮೋಟರ್ ಸುಟ್ರ ಕೇಳೋರು ಯಾರೂ ಇಲ್ಲ."

"ಅದೇ. ಬಾಡಿಗೆ ಕಂಪನಿಯಲ್ಲಿ ಮೋಟರ್ ಅವರು ನೋಡ್ಕೋತಾರೆ. ಆದ್ರೆ ನಲ್ಲಿ ಎಲ್ಲಿರಬೇಕು ಅನ್ನೋದನ್ನೂ ಅವರೇ ಹೇಳ್ತಾರೆ."

ತಂಗಿಗೆ ನಲ್ಲಿಯ ಜಾಗವೇ ಮುಖ್ಯವಾಗಿತ್ತು. ಕಂಪನಿಯವರ ಪುಟದಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂಬ ಮೂರೇ ಅಳತೆ. ಅವಳಿಗೆ ಬೇಕಾದದ್ದು ಬೇರೆ. ದೂರದ ಊರಿನ ಹುಡುಗಿ ಮನೆಯಲ್ಲೇ ಟೇಪ್ ಹಿಡಿದು ಅಳತೆ ತೆಗೆದು ಕಳಿಸಬೇಕು. ಟೇಪ್ ಎಲ್ಲಿ ಹಿಡಿಯಬೇಕು ಎಂದು ತೋರಿಸುವ ಚಿತ್ರ ಇರಬೇಕು. ಮುಖ್ಯವಾಗಿ, ಎಡ ಹೆಗಲು, ಬಲ ಹೆಗಲು ಎಂದು ಬೇರೆ ಬೇರೆ ಕೇಳಬೇಕು. ಒಂದು ಹೆಗಲು ತಗ್ಗಿದ ಹುಡುಗಿಯೊಬ್ಬಳು ದರ್ಜಿಯ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅಳತೆ ಕೊಡಲು ನಾಚಿ, ಮದುವೆಗೆ ಸೆರಗು ಹೊದ್ದೇ ಕೂತಿದ್ದನ್ನು ಅವಳು ನೋಡಿದ್ದಳು. ಅದು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

"ಮೋಟರ್ ನಾ ನೋಡ್ಕೋತೀನಿ," ಅಂದೆ ನಾನು.

ಹಾಗೆ ಉಚಿತದ ದಾರಿ ಹಿಡಿದೆವು. ತಂಗಿ ತನ್ನದೇ ತೋಳು, ಕುತ್ತಿಗೆಗಳ ಫೋಟೋ ತೆಗೆದು ಆ ಅಳತೆಯ ಪುಟ ಕಟ್ಟಿದಳು. ಬಿಡಿಭಾಗಗಳಂಥ ಪ್ಲಗಿನ್‌ಗಳನ್ನು ಒಂದೊಂದಾಗಿ ಕೂಡಿಸುವುದನ್ನು ಕಲಿತಳು. ನನಗೆ ಒಂದೇ ಕೆಲಸ. ವಾರಕ್ಕೊಮ್ಮೆ, ಸೋಮವಾರ, ಒಳಗೆ ಹೋಗಿ, ಮೊದಲು ಇಡೀ ಸೈಟಿನ ಪ್ರತಿ ತೆಗೆದಿಟ್ಟು, ಆಮೇಲೆ ಬಂದ ತೇಪೆಗಳನ್ನು ಹಚ್ಚುವುದು. ಎಷ್ಟು ತೇಪೆ ಬಾಕಿ ಇವೆ ಎಂಬುದು ಪರದೆಯ ಅಂಚಿನಲ್ಲಿ ಕೆಂಪು ಚುಕ್ಕಿಯೊಳಗೆ ಅಂಕಿಯಾಗಿ ಕಾಣುತ್ತದೆ. ಗುಂಡಿ ಒತ್ತಿದರೆ ಚುಕ್ಕಿ ಹೋಗುತ್ತದೆ. ಕೆಲವು ವಾರ ಸಲೀಸಾಗಿ ಒತ್ತಿದೆ.

ಒಂದು ಸಲ ಒತ್ತಿದ ಮೇಲೆ ಸೈಟೇ ಕಾಣಲಿಲ್ಲ. ಬರೀ ಬಿಳಿ ಪರದೆ. ತಂಗಿ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಬಂದು ನೋಡಿದಳು. ಎಂಜಿನಿಯರರು ಫೋನಿನಲ್ಲೇ ಹೇಳಿಕೊಟ್ಟು, ಹಳೆಯ ಪ್ರತಿಯಿಂದ ಸರಿ ಮಾಡಿಸಿದರು. "ಒಬ್ಬರು ಬರೆದ ತುಂಡು ಇನ್ನೊಬ್ಬರ ತುಂಡಿನ ಜೊತೆ ಜಗಳ ಆಡಿದೆ. ಇದರ ತೊಂದರೆ ಇದೇ. ಹೆದರಬೇಡಿ, ಮುಂದಿನ ವಾರವೂ ಒತ್ತಿ," ಅಂದರು.

ಪುಟ ಮರಳಿ ಬಂದಾಗ ತಂಗಿ ಉಸಿರು ಬಿಟ್ಟು ನಕ್ಕಳು. "ಅಣ್ಣಾ, ನಿಮ್ಮ ಫ್ಯಾಕ್ಟರಿ ಅಂತ ತಿಳದಿ ಏನು? ಬ್ಲಾಸ್ಟ್ ಮಾಡೇ ಬಿಟ್ಟಿದ್ದಿ."

ಅವಳು ಹೇಳಿದ್ದು ತಮಾಷೆಗೆ. ನನಗೆ ಅದು ನಾಟಿತು. ಮುಂದಿನ ವಾರ ಕೆಂಪು ಚುಕ್ಕಿಯ ಮುಂದೆ ಕೂತಾಗ ಬೆರಳು ಇಳಿಯಲಿಲ್ಲ. ಕುದಿಯುತ್ತಿರುವ ಬ್ಯಾಚನ್ನು ಮುಟ್ಟಬಾರದು ಎಂದು ಕಾರ್ಖಾನೆಯಲ್ಲಿ ಮೊದಲ ದಿನವೇ ಕಲಿಸುತ್ತಾರೆ. ಸರಿಯಾಗಿ ನಡೆಯುತ್ತಿದ್ದರೆ ಕೈ ಹಿಂದೆ ಕಟ್ಟಿ ನಿಲ್ಲು, ಬದಲಾಯಿಸಬೇಕಾದರೆ ಮೇಲಿನವರ ಸಹಿ ತೆಗೆದುಕೋ. ಇಲ್ಲಿ ಸಹಿ ಹಾಕಲು ಮೇಲಿನವರು ಯಾರೂ ಇರಲಿಲ್ಲ. ಸೈಟ್ ನಡೆಯುತ್ತಿತ್ತು. ನಡೆಯುತ್ತಿರುವುದನ್ನು ಯಾಕೆ ಮುಟ್ಟಲಿ ಎಂದುಕೊಂಡು ಎದ್ದುಬಿಟ್ಟೆ.

ಚುಕ್ಕಿಯೊಳಗಿನ ಅಂಕಿ ಬೆಳೆಯಿತು. ತಂಗಿ ಹೊಸ ಚಿತ್ರ ಹಾಕಲು ಒಳಗೆ ಹೋದಾಗೆಲ್ಲ ಅದನ್ನು ನೋಡುತ್ತಿದ್ದಳು. "ಅಣ್ಣಾ, ಕೆಂಪಗ ಐತಲ್ಲ ಇನ್ನೂ?" ಎಂದು ಕೇಳುತ್ತಿದ್ದಳು. ಇವತ್ತು ಮಾಡ್ತೀನಿ ಎಂದು ಎಷ್ಟು ಸಲ ಹೇಳಲಿ? ಅಂಜಿಕಿ ಆಗತೈತಿ ಎಂಬ ಮಾತು ಬಾಯಿಗೆ ಬರಲಿಲ್ಲ. ಮೋಟರ್ ನಾನೇ ನೋಡಿಕೊಳ್ಳುತ್ತೇನೆ ಎಂದವನು ನಾನೇ ಅಲ್ಲವೇ?

ಆ ತಂತ್ರಾಂಶದ ದೊಡ್ಡ ಗುಣವೆಂದರೆ, ನಿಮಗೆ ಏನೇ ಬೇಕಾದರೂ ಅದಕ್ಕೊಂದು ಪ್ಲಗಿನ್ ಯಾರೋ ಬರೆದಿಟ್ಟಿರುತ್ತಾರೆ. ನನಗೆ ಬೇಕಾದದ್ದೂ ಸಿಕ್ಕಿತು. ಆ ಕೆಂಪು ಚುಕ್ಕಿಯನ್ನೇ ಕಾಣದಂತೆ ಮಾಡುವ ಪ್ಲಗಿನ್. ಹಾಕಿದೆ. ಪರದೆಯ ಅಂಚು ಸ್ವಚ್ಛವಾಯಿತು.

ಹಿಂದೆ ನಮ್ಮ ಕಾರ್ಖಾನೆಯಲ್ಲಿ ಒಬ್ಬ, ಮಿಣುಕುತ್ತಿದ್ದ ಎಚ್ಚರಿಕೆಯ ದೀಪಕ್ಕೆ ಕಪ್ಪು ಟೇಪ್ ಅಂಟಿಸಿದ್ದ. ಕಣ್ಣಿಗೆ ಚುಚ್ಚುತ್ತಿತ್ತು ಅಂದ. ಅಂದು ಅವನ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ನಾನು. ಪ್ಲಗಿನ್ ಹಾಕುವಾಗ ಅವನ ನೆನಪು ಬಂತು. ಆದರೂ ಹಾಕಿದೆ.

ಆಮೇಲೆ ಪ್ರತಿ ಸೋಮವಾರ ತಂಗಿ ಚೌಕಟ್ಟಿನ ಮೇಲೆ ಬಾಗಿಕೊಂಡೇ ಕೇಳುತ್ತಿದ್ದಳು, "ಆತೇನು?" ನಾನು ಡ್ಯೂಟಿ ಚೀಲ ಹೆಗಲಿಗೆ ಹಾಕುತ್ತ ಹೇಳುತ್ತಿದ್ದೆ, "ಆತು."

ಮದುವೆಯ ಹಂಗಾಮಿನಲ್ಲಿ ಬೀದರಿನ ಹೆಣ್ಣುಮಗಳೊಬ್ಬಳ ಫೋನ್ ಬಂತು. ಮಗಳ ಬ್ಲೌಸುಗಳನ್ನೆಲ್ಲ ತಂಗಿಗೇ ಕೊಡುವ ಮಾತಾಗಿತ್ತು. ಚೌಕಟ್ಟಿನ ಮೇಲೆ ಸ್ಪೀಕರ್ ಹಾಕಿ ಇಟ್ಟಿದ್ದ ಫೋನಿನಿಂದ ಆಕೆಯ ದನಿ ಕೋಣೆಯೆಲ್ಲ ತುಂಬಿತು.

"ಏನವ್ವಾ, ನಿನ್ನ ಡಿಸೈನ್ ತೋರಸ್ತೀನಿ ಅಂತ ಬೀಗರ ಮುಂದ ಫೋನ್ ಹಿಡದೆ. ಒತ್ತಿದ್ರ ಇಸ್ಪೀಟ್ ಆಟ ಬಂತು. ಮ್ಯಾಲೆ ಅರ್ಧಾ ಬಟ್ಟಿ ಉಟ್ಟ ಹುಡುಗಿ ಬ್ಯಾರೆ. ನಮ್ಮ ಬೀಗತಿ ನನ್ನ ಮಾರಿ ನೋಡತಾಳ, ನಾ ಆಕಿ ಮಾರಿ ನೋಡತೀನಿ."

"ಅತ್ತೀ, ಏನೋ ತಪ್ಪಾಗಿರಬೇಕ್ರಿ, ಈಗ ನೋಡಸ್ತೀನಿ."

"ನೋಡಸ್ಕೋ ಅವ್ವಾ. ಪರ್ವಾ ಇಲ್ಲ. ಆದ್ರ ಇನ್ನ ನಮ್ಮ ಮಂದಿ ಒಪ್ಪೂದಿಲ್ಲ." ಫೋನ್ ಕಟ್ಟಾಯಿತು.

ತಂಗಿ ನನ್ನ ಕಡೆ ತಿರುಗಿ, "ನೀ ಸೋಮವಾರ ನೋಡಿದಾಗ ಚಲೋನ ಇತ್ತಲ್ಲ?" ಅಂದಳು. ನಾನು ತಲೆ ಆಡಿಸಿದೆ.

ಭಾನುವಾರ ಎಂಜಿನಿಯರರು ಬಂದರು. ಲ್ಯಾಪ್‌ಟಾಪ್ ತೆರೆದು ಒಂದೊಂದೇ ಪುಟ ತೆಗೆದು ನೋಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೊನೆಗೆ ಅವರು ಕೇಳಿದರು, "ಯಾರೋ ಸೈಟಿನ ಒಳಗೆ ನುಗ್ಗಿದ್ದಾರೆ. ತೇಪೆ ಯಾವಾಗ ಹಚ್ಚಿದ್ರಿ ಕೊನೇ ಸಲ?"

"ಅಣ್ಣ ವಾರಾ ವಾರಾ ಹಚ್ಚತಾನ್ರಿ," ತಂಗಿಯೇ ಹೇಳಿದಳು. "ಒಂದು ವಾರಾನೂ ಬಿಟ್ಟಿಲ್ಲ."

"ಇಲ್ಲಿ ನೋಡಿದ್ರೆ ತಿಂಗಳುಗಟ್ಟಲೆ ಹಚ್ಚಿಲ್ಲ ಅನ್ನುತ್ತೆ." ಇನ್ನಷ್ಟು ಒತ್ತಿ ನೋಡಿ, "ಓ, ಇಲ್ಲಿದೆ," ಅಂದರು. "ಒಳಗೆ ನುಗ್ಗಿದವನು ಎಚ್ಚರಿಕೆ ಕಾಣದ ಹಾಗೆ ಒಂದು ಪ್ಲಗಿನ್ ಹಾಕಿದ್ದಾನೆ. ನಿಮ್ಮಣ್ಣ ಒತ್ತಿದ್ದೂ ಅದಕ್ಕೇ ನಾಟಿಲ್ಲ ಅನಿಸುತ್ತೆ. ಭಾರೀ ಬುದ್ಧಿವಂತ."

ನನ್ನ ತಪ್ಪನ್ನು ಕಳ್ಳನ ಲೆಕ್ಕಕ್ಕೆ ಹಾಕಿ ಅವರು ನನ್ನ ಕಡೆ ನೋಡಿ ಮರುಕದಿಂದ ನಕ್ಕರು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಚಹಾ ತರುತ್ತೇನೆಂದು ಒಳಗೆ ಹೋದೆ.

ಚಹಾ ತಂದಾಗ ಮಾತು ಮುಂದೆ ಹೋಗಿತ್ತು. ಅವರು ಕಸವನ್ನೆಲ್ಲ ತೆಗೆದಿದ್ದರು. ತಂಗಿಯ ಚಿತ್ರಗಳು, ಆರ್ಡರುಗಳು ಎಲ್ಲ ಉಳಿದಿದ್ದವು. ಆದರೆ ಅವರ ಮನಸ್ಸು ತಿರುಗಿತ್ತು. "ಇಷ್ಟು ಕಾಳಜಿಯಿಂದ ನೋಡಿಕೊಂಡರೂ ಹೀಗಾಯ್ತು ಅಂದ್ರೆ ಇದು ನಿಮಗೆ ಬೇಡ. ಬಾಡಿಗೆ ಕಂಪನಿಗೇ ಹೋಗಿಬಿಡಿ. ಮುಂದಿನ ಭಾನುವಾರ ಬಂದು ಬದಲಾಯಿಸಿ ಕೊಡ್ತೀನಿ."

"ಅಳತಿ ಪುಟ?" ತಂಗಿ ಕೇಳಿದಳು.

"ಅದು ಅಲ್ಲಿ ಬರಲ್ಲಮ್ಮ."

ತಂಗಿ ಬಟ್ಟೆಯ ಮೇಲಿನ ಮಣಿಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು. "ಆಗಲಿ ಬಿಡ್ರಿ," ಅಂದಳು.

ಆ ವಾರ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ನನಗೆ ಹಗುರಾಗುತ್ತಿತ್ತು. ತಂಗಿ ಊಟಕ್ಕೆ ಬಡಿಸುವಾಗ, "ನೀ ಬ್ಯಾಸರ ಮಾಡ್ಕೋಬ್ಯಾಡ ಅಣ್ಣಾ, ಕಳ್ಳ ಭಾಳ ಶಾಣ್ಯಾ ಇದ್ದ," ಎಂದು ನನಗೇ ಸಮಾಧಾನ ಹೇಳಿದಳು. ಬಸ್ಸಿನಲ್ಲಿ ಕೂತರೂ ಅದೇ ಯೋಚನೆ. ಆ ತಂತ್ರಾಂಶದಲ್ಲಿ ದೋಷಗಳಿದ್ದವು, ನಿಜ. ತುಂಡುಗಳು ಜಗಳ ಆಡುತ್ತಿದ್ದವು, ಕರೆದರೆ ಬರುವವರು ಯಾರೂ ಇರಲಿಲ್ಲ. ಆದರೆ ಅದು ತನ್ನ ಕೆಲಸ ಮಾಡಿತ್ತು. ತೂತು ಇದೆ ಎಂದು ಹೇಳಿತ್ತು, ತೇಪೆಯನ್ನೂ ಕಳಿಸಿತ್ತು. ಈಗ ತಂಗಿ ಅದನ್ನು ತೂಗಿ ಹಗುರೆಂದು ಎತ್ತಿಡುತ್ತಿದ್ದಳು. ತಕ್ಕಡಿಯ ಮೇಲೆ ಕೈ ಇಟ್ಟವನು ನಾನು.

ಶುಕ್ರವಾರ ನನಗೆ ರಜೆ. ತಂಗಿಗೆ ಒಬ್ಬ ಹುಡುಗಿಯ ಫೋನ್ ಬಂತು. ಈ ಸಲವೂ ಸ್ಪೀಕರ್ ಹಾಕಿತ್ತು. ಹುಡುಗಿ ಬಹಳ ಮೆಲ್ಲಗೆ, ಎರಡು ಹೆಗಲಿಗೂ ಬೇರೆ ಅಳತೆ ಹಾಕಲು ಜಾಗ ಇದೆ ಎಂದು ಗೆಳತಿ ಹೇಳಿದಳು, ನಿಜವೇ ಎಂದು ತೆಲುಗಿನಲ್ಲಿ ಕೇಳಿದಳು. ತಂಗಿ ತೆಲುಗಿನಲ್ಲೇ, ಭಾನುವಾರದೊಳಗೆ ಹಾಕಮ್ಮಾ, ಆಮೇಲೆ ಆ ಪುಟ ಇರುವುದಿಲ್ಲ ಅಂದಳು. ಆಮೇಲೆ ಅಳತೆ ಕೊಡಬೇಕಾದರೆ ಅಂಗಡಿಗೆ ಹೋಗಬೇಕಾ ಎಂದು ಹುಡುಗಿ ಕೇಳಿದಳು. ಭಾನುವಾರದೊಳಗೇ ಹಾಕಿಬಿಡಮ್ಮಾ ಎಂದಷ್ಟೇ ತಂಗಿ ಮತ್ತೆ ಹೇಳಿದಳು.

ಫೋನ್ ಇಟ್ಟ ಮೇಲೆ ನಾನು ಅಂದೆ, "ಆ ಪ್ಲಗಿನ್ ಕಳ್ಳ ಹಾಕಿದ್ದಲ್ಲ."

ಅವಳು ತಲೆ ಎತ್ತಲಿಲ್ಲ. "ಮತ್ತ?"

"ನಾ ಹಾಕಿದ್ದು. ಬಿಳಿ ಪರದೆ ಬಂದ ಮ್ಯಾಲೆ ನಾ ಒಮ್ಮೆನೂ ಒತ್ತಿಲ್ಲ. ಅಂಜಿಕಿ ಬಂತು. ನೀ ಕೇಳತಿದ್ದಿ ಅಂತ ಚುಕ್ಕಿ ಮುಚ್ಚಿದೆ."

ಸೂಜಿ ನಿಂತಿತು. "ಪ್ರತಿ ಸೋಮವಾರ ಆತು ಅಂತಿದ್ದಿಯಲ್ಲ?"

"ಸುಳ್ಳ ಹೇಳಿದೆ."

"ಒತ್ತಾಕ ಆಗೂದಿಲ್ಲ ಅಂದಿದ್ರ ನಾ ಒತ್ತತಿದ್ದೆ," ಅಂದಳು. ದನಿ ಏರಲಿಲ್ಲ. "ಸೈಟ್ ಕೆಟ್ಟಿದ್ದಕ್ಕ ಬ್ಯಾಸರ ಅಲ್ಲ ಅಣ್ಣಾ. ಆ ಮನಷ್ಯಾಗ ನಾ ಎದಿ ತಟ್ಟಿ ಹೇಳಿದೆ, ಒಂದು ವಾರಾನೂ ಬಿಟ್ಟಿಲ್ಲ ಅಂತ. ನೀ ಬಾಗಲದಾಗ ನಿಂತು ಕೇಳಿದಿ."

ಅವಳೇ ಎಂಜಿನಿಯರರ ನಂಬರ್ ಒತ್ತಿ ಫೋನನ್ನು ನನ್ನ ಕೈಗಿಟ್ಟಳು. "ನೀನ ಹೇಳು."

ಹೇಳಿದೆ. ಆ ಕಡೆಯಿಂದ ಅವರು, "ಹಾಗಾದ್ರೆ ನಾನು ತಪ್ಪು ಸಲಹೆ ಕೊಟ್ಟೆ. ತಂಗಿಗೆ ಫೋನ್ ಕೊಡಿ," ಅಂದರು. ನನ್ನ ಜೊತೆ ಮುಂದೆ ಮಾತಾಡಲಿಲ್ಲ.

ತಂಗಿ ಕಂಪನಿಗೆ ಹೋಗಲಿಲ್ಲ. ಅಳತೆಯ ಪುಟ ಉಳಿಯಿತು. ಮೆಲ್ಲಗೆ ಮಾತಾಡಿದ ಆ ಹುಡುಗಿಯ ಬ್ಲೌಸ್ ಅದೇ ಚೌಕಟ್ಟಿನ ಮೇಲೆ ಆಯಿತು. ಬೀದರಿನವರು ಮರಳಿ ಬರಲಿಲ್ಲ.

ಪಾಸ್‌ವರ್ಡ್ ಬದಲಾಯಿತು. ನನಗೂ ಒಳಗೆ ಹೋಗಲು ಬಿಡುತ್ತಾಳೆ, ಆದರೆ ಈಗ ನಾನು ಚಿತ್ರ ಹಾಕಬಹುದು, ಅಕ್ಷರ ತಿದ್ದಬಹುದು, ಅಷ್ಟೇ. ಹಾಗೆ ಹಕ್ಕು ಕಡಿಮೆ ಇರುವವರಿಗೆ ಆ ತಂತ್ರಾಂಶ ಕೆಂಪು ಚುಕ್ಕಿಯನ್ನು ತೋರಿಸುವುದೇ ಇಲ್ಲ. ನನ್ನ ಪರದೆಯ ಅಂಚು ಮತ್ತೆ ಸ್ವಚ್ಛವಾಗಿದೆ.

ಸೋಮವಾರ ಡ್ಯೂಟಿಗೆ ಹೊರಟಾಗ ಚೀಲ ಹೆಗಲಿಗೆ ಹಾಕುತ್ತ ಈಗ ನಾನೇ ಕೇಳುತ್ತೇನೆ, "ಆತೇನು?"

"ಆತು," ಅನ್ನುತ್ತಾಳೆ ಅವಳು, ಚೌಕಟ್ಟಿನಿಂದ ತಲೆ ಎತ್ತದೆ. ಆಗಿದೆಯೋ ಇಲ್ಲವೋ ನೋಡಲು ನನಗೆ ದಾರಿಯಿಲ್ಲ. ಅವಳ ಮಾತನ್ನು ನಂಬಿ ಬಸ್ಸಿಗೆ ನಡೆಯುತ್ತೇನೆ.