ಬಿದ್ದರೆ ಬಿಡಬೇಕಾದ ಚೆಂಡು

ತುತುಯಿಲಾ ದ್ವೀಪದ ಫೆರೆತಿಗೆ ಆಗ ಇಪ್ಪತ್ತನಾಲ್ಕು. ಅಮೆರಿಕದ ಕಾಲೇಜೊಂದು ಅವನನ್ನು, ಹೆಲ್ಮೆಟ್ಟು ಹಾಕಿ ಚೆಂಡು ಅವುಚಿ ಓಡುವ ತನ್ನ ಫುಟ್‌ಬಾಲ್ ಆಡಲೆಂದು ಕರೆಸಿಕೊಂಡು, ಭುಜ ಮುರಿದ ಮೇಲೆ ನಮಸ್ಕಾರ ಹಾಕಿ ಕಳಿಸಿತ್ತು. ಮೂರು ವರ್ಷದಿಂದ ಮೀನಿನ ಕಾರ್ಖಾನೆಯಲ್ಲಿ ಕೆಲಸ. ಆ ಹೆಲ್ಮೆಟ್ಟಿನ ಫುಟ್‌ಬಾಲು ನಮ್ಮಲ್ಲಿ ಶಾಲೆ ಮುಗಿಯುವ ತನಕ ಮಾತ್ರ. ಆಮೇಲೆ ಆಡುವುದಿದ್ದರೆ ರಗ್ಬಿ, ಇಲ್ಲವೇ ಚರ್ಚಿನ ಕಟ್ಟೆಯ ಮೇಲೆ ಕೂತು ಹಳೇ ಪುರಾಣ ಕೊಚ್ಚುವುದು. ಆ ಕಟ್ಟೆ ಕಂಡರೇ ಫೆರೆತಿಯ ಎದೆ ಧಸಕ್ಕೆನ್ನುತ್ತಿತ್ತು.

ಪಕ್ಕದ ದ್ವೀಪದ ಅಪಿಯಾ ಪಟ್ಟಣದವರ ಮೇಲೆ ಆಡುವ ದ್ವೀಪದ ರಗ್ಬಿ ತಂಡಕ್ಕೆ ಇನ್ನೊಬ್ಬನೇ ಬೇಕಿತ್ತು. ಶನಿವಾರ ಆಯ್ಕೆಯ ಪಂದ್ಯ. ಆರಿಸುವವನು ಅವನ ಸೋದರಮಾವ ಪೆಸೆತಾ. ಅಳಿಯನೆಂದು ಕನಿಕರ ತೋರಿಸುವ ಜಾತಿಯ ಮನುಷ್ಯನಲ್ಲ.

ಫೆರೆತಿಗೆ ಓಟದ ಚಿಂತೆಯಿರಲಿಲ್ಲ, ತನ್ನ ಕೈಗಳದ್ದೇ ಚಿಂತೆ. ಪ್ರಾಣ ಹೋದರೂ ಚೆಂಡು ಬಿಡಬೇಡ ಅನ್ನುವುದು ಅವನು ಏಳನೇ ವಯಸ್ಸಿನಲ್ಲಿ ಕಲಿತ ಪಾಠ. ಶಾಲೆಯ ಕೋಚು ಕಂಕುಳಿಗೆ ತೆಂಗಿನಕಾಯಿ ಕೊಟ್ಟು ವಾರಗಟ್ಟಲೆ ಊರು ತಿರುಗಿಸಿದ್ದ. ಯಾರಾದರೂ ಕಿತ್ತುಕೊಂಡರೆ ಗುಡ್ಡ ಹತ್ತಿ ಇಳಿಯಬೇಕಿತ್ತು. ರಗ್ಬಿಯಲ್ಲೋ, ಹಿಡಿದು ಕೆಡವಿದ ಕೂಡಲೇ ಚೆಂಡು ಬಿಡಬೇಕು. ಬಿಡದಿದ್ದರೆ ಸೀಟಿ, ಚೆಂಡು ಎದುರಿನವರ ಪಾಲು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ, ಇದು ಹೋಗುತ್ತದೆಯೇ?

ಶನಿವಾರ ಬೆಳಿಗ್ಗೆ ಅವನು ಬೇಯಿಸಿದ ಬಾಳೆಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ರಾತ್ರಿಯೆಲ್ಲ ದಿಂಬು ತಬ್ಕೊಂಡು ಬಿಡ್ತೀನಿ ಬಿಡ್ತೀನಿ ಅಂತಿದ್ದೆ," ಎಂದಳು ಅಕ್ಕ ಲೂಪೆ. "ದಿಂಬನ್ನೂ ಬಿಡ್ಲಿಲ್ಲ."

"ಸುಮ್ನಿರಕ್ಕ, ಹೊತ್ತಾಯ್ತು."

ಮೊದಲರ್ಧದಲ್ಲೇ ಎರಡು ಸಲ ಸೀಟಿ ಬಿತ್ತು. ಎರಡು ಸಲವೂ ಫೆರೆತಿ ನೆಲದ ಮೇಲೆ ಚೆಂಡನ್ನು ಅವುಚಿಕೊಂಡು ಬಿದ್ದಿದ್ದ.

"ಮದ್ವೆ ಆಗಿದ್ದೀಯೇನೋ ಅದನ್ನ?" ಎಂದ ಪೆಸೆತಾ ವಿರಾಮದಲ್ಲಿ. "ಇನ್ನೊಂದ್ಸಲ ಹಿಡ್ಕೊಂಡ್ರೆ ಹೊರಗೆ ಬಂದ್ಬಿಡು. ನಾನು ಕರೆಯೋದೂ ಇಲ್ಲ."

ಉತ್ತರಾರ್ಧದಲ್ಲಿ ಚೆಂಡು ತನ್ನ ಕಡೆ ಬಾರದಿದ್ದರೆ ಸಾಕೆಂದು ಅವನು ದೇವರಿಗೆ ಮೊರೆಯಿಟ್ಟ. ಬಂದೇ ಬಂತು. ಓಡಿದ. ಜೊತೆಯವರೆಲ್ಲ ಹಿಂದೆ ಉಳಿದರು. ಅಂಕದ ಗೆರೆಗೆ ನಾಲ್ಕು ಹೆಜ್ಜೆಯಿರುವಾಗ ಒಬ್ಬ ಅವನ ಕಾಲು ಹಿಡಿದು ಕೆಡವಿದ. ಫೆರೆತಿ ಹಲ್ಲು ಕಚ್ಚಿ, ಮೈಯೆಲ್ಲ ಬೇಡವೆನ್ನುತ್ತಿದ್ದರೂ ಕೈ ಬಿಚ್ಚಿದ.

ಬಿಚ್ಚಿ, ಕಣ್ಣು ಮುಚ್ಚಿ ಸೀಟಿಗೆ ಕಾದ. ಫುಟ್‌ಬಾಲಿನಲ್ಲಿ ಬಿದ್ದರೆ ಸೀಟಿ, ಅಲ್ಲಿಗೆ ಮುಗಿಯಿತು. ರಗ್ಬಿಯಲ್ಲಿ ಆಟ ನಿಲ್ಲುವುದಿಲ್ಲ, ಚೆಂಡು ಬಿಟ್ಟವನೂ ಎದ್ದು ಮತ್ತೆ ಎತ್ತಿಕೊಳ್ಳಬಹುದು. ತಮಾಷೆಯೆಂದರೆ ಕೆಡವಿದವನೂ ಫೆರೆತಿಯ ಶಾಲೆಯದೇ ಹಳೇ ಫುಟ್‌ಬಾಲಿಗ. ಅವನೂ ಪಕ್ಕಕ್ಕೆ ಹೊರಳಿ ಸೀಟಿಗೇ ಕಾಯುತ್ತಾ ಮಲಗಿದ್ದ.

"ಏಳೋ ಕತ್ತೆ, ಚೆಂಡು ಅಲ್ಲೇ ಬಿದ್ದಿದೆ," ಎಂದು ಲೂಪೆ ಹೊರಗಿನಿಂದ ಕೂಗಿದಳು.

ಫೆರೆತಿ ಎದ್ದ. ಚೆಂಡೆತ್ತಿ ಗೆರೆ ದಾಟಿ, ಎರಡೂ ಕೈಯಿಂದ ನೆಲಕ್ಕೆ ಒತ್ತಿದ; ಹಾಗೆ ಒತ್ತಿದರೇ ಅಂಕ. ಒತ್ತಿದ ಮೇಲೂ ಇದರಲ್ಲೇನು ತಪ್ಪು ಸಿಗುತ್ತದೋ ಎಂದು ರೆಫರಿಯ ಮುಖವನ್ನೇ ನೋಡುತ್ತಿದ್ದ. ತಪ್ಪೇನೂ ಸಿಗಲಿಲ್ಲ.

ಪಂದ್ಯ ಮುಗಿದ ಮೇಲೆ ಪೆಸೆತಾ ಕರೆದ.

"ಕೆಡವಿದಾಗ ಯಾಕೋ ಹೆಣದ ಹಾಗೆ ಬಿದ್ದಿದ್ದೆ?"

"ಆಟ ಮುಗೀತು ಅಂದ್ಕೊಂಡೆ ಮಾವ."

"ಯಾರೋ ಹೇಳಿದ್ದು ಮುಗೀತು ಅಂತ?"

ಮೂರು ವರ್ಷದಲ್ಲಿ ಹಾಗೆಂದು ಫೆರೆತಿಗೆ ಹೇಳಿದವನು ಸ್ವತಃ ಫೆರೆತಿಯೇ, ಬೇರೆ ಯಾರೂ ಅಲ್ಲ. ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ.

ಪೆಸೆತಾ ಅವನ ಹೆಸರು ಬರೆದುಕೊಂಡ. "ಮಂಗಳವಾರ ಐದಕ್ಕೆ ಪ್ರಾಕ್ಟೀಸಿಗೆ ಬಾ," ಎಂದ. "ತಡ ಮಾಡಿದ್ರೆ ಹೆಸರು ಹೊಡೆದ್ಹಾಕ್ತೀನಿ."