ಸದ್ದು ಕಂಡುಬಂದಿಲ್ಲ

ನನ್ನ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಅವರ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಕೂತಾಗಲೆಲ್ಲ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಬಂದದ್ದನ್ನೇ ಬರೆಯುತ್ತೇನೆ. ನಾನು ಹೊಸರಿತ್ತಿಯಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿದವಳು. ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಮೂವತ್ತು ವರ್ಷ ಆ ಘಾಟು ಕುಡಿದು, ಐವತ್ತೆಂಟನೆಯ ವಯಸ್ಸಿಗೆ ಅವರು ಒಂದು ಸ್ಪೋರ್ಟ್ಸ್ ಕಾರು ತಂದರು. ಎರಡೇ ಬಾಗಿಲು, ನೆಲಕ್ಕೆ ಅಂಟಿದ ಹಾಗೆ ತಗ್ಗು, ಬಣ್ಣ ಬೂದಿ. ಕೆಂಪು ಬಣ್ಣದ್ದು ತರಬಹುದಿತ್ತಲ್ಲ ಎಂದದ್ದಕ್ಕೆ, ಕೆಂಪು ನೋಡಿ ನೋಡಿ ಕಣ್ಣಿಗೆ ಸಾಕಾಗಿದೆ ಎಂದರು. ಮಾರುಕಟ್ಟೆಗೆ ಮೊದಲ ಸಲ ಒಯ್ದಾಗ ನಾನೂ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಹಮಾಲರು ಸುತ್ತ ನಿಂತರು. ಅವರಲ್ಲಿ ಹಿರಿಯವನೊಬ್ಬ ಬಗ್ಗಿ ಒಳಗೆ ನೋಡಿ, "ಯಜಮಾನ್ರ, ಇದರಾಗ ಎಷ್ಟು ಚೀಲ ಹಿಡೀತಾವ್ರಿ?" ಎಂದು ಕೇಳಿದ.

"ಒಂದ ಚೀಲ. ಅದು ಆಗ್ಲೇ ಒಳಗ ಕುಂತೈತಿ ನೋಡು," ಎಂದರು ಇವರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಸದ್ದಿನ ಮಾತು ಶುರುವಾಯಿತು. ಒಳಗೆಲ್ಲೋ ಕಟಕಟ ಅನ್ನುತ್ತದೆ, ಬ್ರೇಕು ಹಾಕಿದರೆ ಮುಂದೆ ಉರುಳಿದ ಹಾಗೆ, ತಿರುವಿನಲ್ಲಿ ಪಕ್ಕಕ್ಕೆ ಸರಿದ ಹಾಗೆ. ನನ್ನನ್ನು ಕೂಡಿಸಿಕೊಂಡು ಮೋಟೆಬೆನ್ನೂರಿನ ತನಕ ಓಡಿಸಿದರು. ನನಗೆ ಏನೂ ಕೇಳಿಸಲಿಲ್ಲ. ಅವರಿಗೂ ಕೇಳಿಸಲಿಲ್ಲ. ಮರುದಿನ ಒಬ್ಬರೇ ಹೋಗಿ ಬಂದು, ಇವತ್ತು ಮತ್ತೆ ಇತ್ತು ಎಂದರು. ಹೀಗೆ ಐದಾರು ಸಲ ಆಯಿತು. ಹೊಸ ಕಾರಿನ ಪ್ರತಿ ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಆಮೇಲೆ ಸಮಾಧಾನ ಹೇಳುವುದನ್ನೂ ಬಿಟ್ಟೆ.

ಅವರ ಕಿವಿಯ ವಿಷಯ ಹೇಳಬೇಕು. ರೈತ ತಂದ ರಾಶಿಗೆ ಕೈ ಹಾಕಿ, ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಣಗಿದ್ದರೆ ಒಳಗಿನ ಬೀಜ ಸದ್ದು ಮಾಡುತ್ತವೆ. ಇನ್ನೂ ಎರಡು ಬಿಸಿಲು ಬೇಕು ಎಂದು ಅವರು ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ. ಅಂಥವರ ಕಿವಿಯನ್ನು ಮೊದಲು ನಂಬದೇ ಹೋದವಳು ಮನೆಯಲ್ಲಿದ್ದ ನಾನು.

ಹಾವೇರಿಯ ಹೆದ್ದಾರಿ ಬದಿಯ ಸರ್ವಿಸ್ ಸೆಂಟರಿಗೆ ಮೂರು ಸಲ ಹೋದರು. ಅಲ್ಲಿನ ಅಡ್ವೈಸರ್ ಇಸ್ತ್ರಿ ಅಂಗಿಯ, ಒಳ್ಳೆಯ ಮಾತಿನ ಮನುಷ್ಯ. ಒಬ್ಬನೇ ಇದ್ದಾಗ ಮಾತ್ರ ಕೇಳಿಸುತ್ತದೆ ಎಂದು ಇವರು ಹೇಳಿದರೂ, ಪ್ರತಿ ಸಲ ಇವರಿಗೇ ಓಡಿಸಲು ಹೇಳಿ, ತಾನು ಪಕ್ಕದ ಸೀಟಿನಲ್ಲಿ ಕೂತು, ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದ. ಬಂದು ಕಾಗದ ಕೊಡುತ್ತಿದ್ದ. ದೂರು: ಒಳಗೆ ಸದ್ದು. ಪರಿಶೀಲನೆ: ಸದ್ದು ಕಂಡುಬಂದಿಲ್ಲ. ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗು ಗಟ್ಟಿ ಇರುತ್ತದೆ, ನಮ್ಮ ರಸ್ತೆಗಳು ನಿಮಗೆ ಗೊತ್ತೇ ಇದೆಯಲ್ಲ ಎಂದು ಮೊದಲೆರಡು ಸಲ ನಗುತ್ತ ಹೇಳಿ ಕಳಿಸಿದ. ಮೂರನೆಯ ಸಲ ನಾನೂ ಹೋಗಿದ್ದೆ. ಆ ದಿನ ಅವನು ನಗಲಿಲ್ಲ.

"ಸರ್, ಒಮ್ಮೆ ಕಿವಿ ತೋರಿಸ್ಕೊಂಡು ಬಿಡ್ರಿ. ವಯಸ್ಸಾದ ಮ್ಯಾಲೆ ಕಿವಿಯೊಳಗ ಹಂಗ ಸದ್ದು ಬರ್ತಾವು. ನಮ್ಮಪ್ಪಗೂ ಐತಿ," ಎಂದ.

ಅವನ ಕಪಾಳಕ್ಕೆ ಹೊಡೆಯಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ನನಗೆ ಹಾಗೆ ಅನಿಸಲಿಲ್ಲ. ಪಾಪ, ಸರಿಯಾಗಿಯೇ ಹೇಳುತ್ತಿದ್ದಾನೆ ಅನಿಸಿತು. ಮರುವಾರ ನಾನೇ ಅವರನ್ನು ರಾಣೇಬೆನ್ನೂರಿಗೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾರಿನಲ್ಲಿ ಬೇಡ ಎಂದರು, ಬಸ್ಸಿನಲ್ಲಿ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಈ ವಯಸ್ಸಿಗೆ ಇಷ್ಟು ಚುರುಕು ಕಿವಿ ಅಪರೂಪ ಎಂದರು. ಹೊರಗೆ ಬಂದಾಗ ಇವರು ನನ್ನ ಮುಖ ನೋಡಿದರು. ನಾನು ಬಸ್ಸು ಬಂತೇನೋ ಎಂದು ಬೇರೆ ಕಡೆ ನೋಡಿದೆ.

ಮರಳಿ ಬರುವಾಗ ಬಸ್ಸಿನಲ್ಲಿ ಎದೆ ತಿಕ್ಕಿಕೊಂಡು, "ಯಾಕೋ ಎದಿ ಬಿಗಿ ಹಿಡಿದಂಗ ಆಗಾಕತ್ತೈತಿ," ಎಂದರು.

"ಎಲ್ಲಾ ಆ ಕಾರಿಂದು. ಅದನ್ನ ತಲ್ಯಾಗಿಂದ ತಗದ ಒಗೀರಿ, ಎದಿನೂ ಹಗುರ ಆಗ್ತೈತಿ," ಎಂದೆ.

ಮತ್ತೆ ಅವರು ಎದೆಯ ಮಾತು ಎತ್ತಲಿಲ್ಲ. ಕಾರಿನ ಮಾತನ್ನೂ ಎತ್ತಲಿಲ್ಲ. ಅದಾಗಿ ಹನ್ನೆರಡನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಚೀಲಕ್ಕೆ ಒರಗಿ ಕೂತವರು ಏಳಲಿಲ್ಲ. ಹೃದಯಾಘಾತ ಎಂದರು.

ಕಾರಿನ ಮೇಲೆ ತಾಡಪತ್ರಿ ಬಿತ್ತು. ಮೈದುನ ಮಾರಿಬಿಡೋಣ ಎಂದ. ಅವನದು ತಪ್ಪಲ್ಲ, ಅದನ್ನು ನೋಡಿದರೆ ಅವನಿಗೂ ಸಂಕಟ. ಆದರೆ ಒಂದು ದಿನ ಗಿರಾಕಿಯ ಎದುರಿಗೆ, ನಮ್ಮ ಅಣ್ಣಗ ಕೊನೀ ಕೊನೀಗೆ ಇಲ್ಲದ ಸದ್ದು ಕೇಳ್ತಿದ್ವು, ಗಾಡಿ ಮಾತ್ರ ಚೊಕ್ಕ ಐತಿ ಎಂದು ಹೇಳಿದ್ದು ಒಳಗಿದ್ದ ನನ್ನ ಕಿವಿಗೆ ಬಿತ್ತು. ಸತ್ತವರನ್ನು ಹುಚ್ಚರನ್ನಾಗಿ ಮಾಡಿ ಗಾಡಿ ಮಾರುವುದೇ? ಹೊರಗೆ ಬಂದು, ಮಾರುವುದಿಲ್ಲ ಎಂದಷ್ಟೇ ಹೇಳಿದೆ.

ನಿಂತೇ ಇದ್ದರೆ ಬ್ಯಾಟರಿ ಸಾಯುತ್ತದೆ ಎಂದು ಯಾರೋ ಹೇಳಿದರು. ಹಳೆಯ ಕಾರಿನಲ್ಲಿ ಅವರೇ ನನಗೆ ಕಲಿಸಿದ್ದರು. ಒಂದು ಬೆಳಿಗ್ಗೆ ತಾಡಪತ್ರಿ ತೆಗೆದು ನಾನೊಬ್ಬಳೇ ಹೊರಟೆ. ಸ್ಟೇಷನ್ ರಸ್ತೆಗೆ ತಿರುಗುವುದರೊಳಗೆ ಕೇಳಿಸಿತು. ಕಟಕಟ. ಬ್ರೇಕು ಹಾಕಿದೆ, ಮುಂದಕ್ಕೆ ಉರುಳಿತು. ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ಟಿಯರಿಂಗನ್ನು ಎರಡೂ ಕೈಯಿಂದ ಗುದ್ದಿದೆ. ಒಬ್ಬಳು ಹೆಂಗಸು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವಳು ನಿಂತು ನೋಡಿದಳು.

ಹಾವೇರಿಗೆ ಹೋಗಲಿಲ್ಲ. ರಾಣೇಬೆನ್ನೂರಿನಲ್ಲಿ ನಮ್ಮ ಗಾಡಿಗಳಿಗೆಲ್ಲ ಸೀಟಿನ ಕೆಲಸ ಮಾಡಿಕೊಟ್ಟ ಸಾಹೇಬರೊಬ್ಬರಿದ್ದಾರೆ, ಅವರ ಅಂಗಡಿಗೆ ಹೋದೆ. ಅವರು ಒಬ್ಬರೇ ಒಂದು ಸುತ್ತು ಹೋಗಿ ಬಂದು, ಸದ್ದು ಐತಿ ಎಂದರು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಇನ್ನೊಂದು ಸುತ್ತು ಹೋದರು. ಸದ್ದಿಲ್ಲ. ಗಾಡಿ ನಿಲ್ಲಿಸಿದರು. ನನ್ನನ್ನು ಇಳಿಸಿ, ನಾನು ಕೂತಿದ್ದ ಸೀಟನ್ನು ಅಂಗೈಯಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದರು. ಆಮೇಲೆ ಸೀಟು ಬಿಚ್ಚಿದರು. ದಿಂಬಿನ ಕೆಳಗೆ ಸೀಟಿನದೇ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಎರಡು ಇಡೀ ಅಡಿಕೆ, ಒಂದು ಅರಿಷಿಣ ಬೇರು, ಒಂದಿಷ್ಟು ಅಕ್ಕಿಕಾಳು. ಯಾರಾದರೂ ಕೂತರೆ ದಿಂಬು ಒತ್ತಿ ಹಿಡಿಯುತ್ತದೆ, ಸೀಟು ಖಾಲಿಯಿದ್ದರೆ ಅಡಿಕೆ ಉರುಳಾಡುತ್ತದೆ.

"ಅಕ್ಕಾರ, ಇದನ್ನ ಮಾತ್ರ ಕಂಪನಿಯವ್ರು ಹಾಕಿರಾಕಿಲ್ಲ," ಎಂದರು ಸಾಹೇಬರು.

ಹಾಕಿದವಳು ನಾನು. ಕಾರು ಬಂದ ದಿನ, ಮನೆಗೆ ಬಂದ ಸೊಸೆಗೆ ತುಂಬುವ ಹಾಗೆ ಅದಕ್ಕೆ ಉಡಿ ತುಂಬಿದ್ದೆ. ಪಕ್ಕದ ಸೀಟಿನ ಮೇಲೆ ಹಸಿರು ಖಣ ಹಾಸಿ, ಐದು ಬೊಗಸೆ ಅಕ್ಕಿ, ಅಡಿಕೆ, ಉತ್ತತ್ತಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು ಇಟ್ಟಿದ್ದೆ. "ಸವತಿಗೆ ನೀನ ಉಡಿ ತುಂಬಾಕತ್ತೀಯಲ್ಲ," ಎಂದು ಇವರು ಬಾಗಿಲಲ್ಲಿ ನಿಂತು ಛೇಡಿಸಿದ್ದರು. ಸಂಜೆ ಎಲ್ಲ ಬಾಚಿ ತೆಗೆದೆ. ಎಷ್ಟು ಅಡಿಕೆ ಇಟ್ಟಿದ್ದೆ, ಎಷ್ಟು ಮರಳಿ ಬಂದವು ಎಂದು ಯಾರು ನೋಡುತ್ತಾರೆ? ಸೀಟಿನ ಸಂದಿ ನುಂಗಿದ್ದು ನನಗೆ ತಿಳಿಯಲಿಲ್ಲ. ಈಗ ಉಡಿ ತುಂಬುವ ಕಾರ್ಯಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ.

ಅವನ್ನು ಇದ್ದ ಹಾಗೆಯೇ ಒಳಗೆ ಹಾಕಿ ಸೀಟು ಮುಚ್ಚಿರಿ ಎಂದೆ. ಸಾಹೇಬರು ಮುಚ್ಚಿದರು.

ಮರುದಿನ ಹಾವೇರಿಗೆ ಹೋದೆ. ಅಡ್ವೈಸರ್ ನನ್ನ ಬರಿ ಹಣೆ ನೋಡಿದ. ಸದ್ದು ಇದೆ ಎಂದೆ. ಎಂದಿನ ಹಾಗೆ, ನೀವು ಓಡಿಸಿ, ನಾನು ಪಕ್ಕಕ್ಕೆ ಕೂರುತ್ತೇನೆ ಎಂದ.

"ಬ್ಯಾಡ. ಒಬ್ರ ಹೋಗಿ ಬರ್ರಿ."

ಹತ್ತು ನಿಮಿಷಕ್ಕೆ ಬಂದ. ಇಳಿದವನು ಕಾರಿನ ಬಾಗಿಲು ಮುಚ್ಚುವುದನ್ನೇ ಮರೆತಿದ್ದ. ನನ್ನೆದುರಿಗೇ ಸೀಟು ಬಿಚ್ಚಿಸಿದೆ. ಅಡಿಕೆ, ಅರಿಷಿಣ ನೋಡಿದ ಮೇಲೆ ಅವನಿಗೆ ಸ್ವಲ್ಪ ಉಸಿರು ಬಂತು. ಇದು ನಿಮ್ಮ ಮನೆಯ ಸಾಮಾನು, ಕಂಪನಿಯ ದೋಷವಲ್ಲ ಎಂದು ಹೇಳಿದ.

"ದೋಷ ಯಾರದು ಅಂತ ನಾ ಕೇಳಿಲ್ಲ. ಸದ್ದು ಇತ್ತೋ ಇಲ್ಲೋ, ಅದನ್ನ ಬರೀರಿ."

ಬರೆದ. ಸದ್ದು ಇದೆ ಎಂದು ಬರೆದು, ಮಾಲೀಕರ ಹೆಸರಿನ ಜಾಗದಲ್ಲಿ ಅವರ ಹೆಸರನ್ನೇ ಹಾಕಿದ. ಹಿಂದಿನ ಮೂರು ಕಾಗದಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಇವನ್ನೂ ತಿದ್ದಿರಿ ಎಂದೆ. ಅವು ಕಂಪ್ಯೂಟರಿನಲ್ಲಿ ಕ್ಲೋಸ್ ಆಗಿವೆ, ತೆರೆಯಲು ಬರುವುದಿಲ್ಲ ಎಂದ.

ಆಗ ನನ್ನ ದನಿ ಏರಿತು. ನಾಲ್ಕು ಜನರ ನಡುವೆ ನಾನು ಹಾಗೆ ಕೂಗಿದವಳಲ್ಲ. ಮೂರು ಸಲ ಬ್ಯಾಡಗಿಯಿಂದ ಬಂದರು, ಮೂರು ಸಲವೂ ನೀವು ಅದೇ ಸೀಟಿನ ಮೇಲೆ ಕೂತಿರಿ, ನಾ ಒಬ್ಬನೇ ಹೋಗಿ ನೋಡಿ ಬರುತ್ತೇನೆ ಎಂದು ಒಮ್ಮೆಯೂ ಅನ್ನಲಿಲ್ಲ ಎಂದೆ. ಒಬ್ಬನೇ ಇದ್ದಾಗ ಮಾತ್ರ ಎಂದು ಅವರು ಹೇಳಿಯೇ ಇದ್ದರಲ್ಲ ಎಂದೆ. ಕಿವಿ ತೋರಿಸಿಕೊಳ್ಳಲು ಹೇಳಿದಿರಿ, ಆಮೇಲೆ ಆ ಮನುಷ್ಯ ತನಗೆ ಏನಾಗುತ್ತಿದೆ ಎಂದು ಯಾರಿಗೂ ಹೇಳಲಿಲ್ಲ ಎಂದೆ. ವಾಹನ ಬಿಡಿಸಿಕೊಳ್ಳಲು ಬಂದಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅವನು ಎದ್ದು ನಿಂತ. ಅವನಿಗೆ ನನ್ನ ಮಗನಾಗುವಷ್ಟು ವಯಸ್ಸು ಇರಬಹುದು.

"ತಪ್ಪಾತ್ರಿ ಮೇಡಂ. ಸರ್‌ಗೆ ನಾ ಹಂಗ ಅನ್ನಬಾರದಿತ್ತು. ಕ್ಷಮಾ ಮಾಡ್ರಿ," ಎಂದ.

"ನನ್ನ ಕೇಳಬ್ಯಾಡ್ರಿ," ಎಂದೆ. "ನಾನೂ ನಿಮ್ಮ ಕಡೀನ ಇದ್ದೆ."