ಸೇವಂತಿ ಹಚ್ಚಿದ ಎಣ್ಣೆ

ಮುಂಬಯಿಯ ಗಂಡು ಎಂದೊಡನೆ ಸೇವಂತಿ ಹೂಂ ಅಂದದ್ದಕ್ಕೆ ಕಾರಣ ಒಂದೇ. ಆ ಊರಿನಲ್ಲಿ ಮರಗಳೇ ಇಲ್ಲ ಎಂದು ಅವಳು ನಂಬಿದ್ದಳು. ಕಾಪುವಿನ ಹತ್ತಿರದ ಅವಳ ಊರಿನಲ್ಲಿ ಅಪ್ಪ ಚೆನ್ನಯ ಮೂರ್ತೆಯವನು. ತೆಂಗು, ತಾಳೆ ಹತ್ತಿ ಕಳ್ಳು ಇಳಿಸುವುದು ಅವನ ಕಸುಬು. ಒಂದು ಬೆಳಿಗ್ಗೆ ಮೇಲೆ ಹೋದವನು ಬಿದ್ದೇ ಕೆಳಗೆ ಬಂದ, ಮತ್ತೆ ಏಳಲಿಲ್ಲ. ಬೀಳುವ ಮೊದಲು "ಕಾಲು, ಕಾಲು" ಎಂದು ಕೂಗಿದ್ದನ್ನು ಗದ್ದೆಯಲ್ಲಿದ್ದವರು ಕೇಳಿಸಿಕೊಂಡಿದ್ದರು. ಅವಳಿನ್ನೂ ಲಂಗ ತೊಡುವ ಹುಡುಗಿ. ಅಂದಿನಿಂದ ತೆಂಗಿನ ತುದಿಯಲ್ಲಿ ಮನುಷ್ಯ ಕಂಡರೆ ಅವಳು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಿದ್ದಳು.

ಗಂಡ ಕಾಂತಪ್ಪ ಬಾಂದ್ರಾದ ಹೋಟೆಲೊಂದರಲ್ಲಿ ರುಬ್ಬುವ ಕೆಲಸಕ್ಕಿದ್ದ. ಚಾಳಿನ ಒಂದು ಕೋಣೆ, ಹೊರಗೆ ನಲ್ಲಿ, ನಲ್ಲಿಯ ಮುಂದೆ ಜಗಳ. ಸೇವಂತಿಗೆ ಅದೇ ಸ್ವರ್ಗವಾಗಿತ್ತು. ಆದರೆ ಪಾನನಿಷೇಧ ಬಂತು, ಕಳ್ಳು ಹೋಯಿತು, ಹುಳಿಯಾಗದ ಸಿಹಿ ನೀರಾ ಮಾರಲು ಮಾತ್ರ ಸರಕಾರ ಪರವಾನಗಿ ಕೊಟ್ಟಿತು. ಸಮುದ್ರದ ಬದಿಯ ವಾಡಿಯೊಂದಕ್ಕೆ, ಅಂದರೆ ತೆಂಗಿನ ತೋಟಕ್ಕೆ, ಮರ ಹತ್ತಬಲ್ಲವರು ಬೇಕಾಗಿದ್ದರು. ಕಾಂತಪ್ಪನೂ ಮೂರ್ತೆಯವರ ಮಗನೇ, ಊರಿನಲ್ಲಿದ್ದಾಗ ಮರ ಹತ್ತಿದವನೇ. ಇಷ್ಟು ದೊಡ್ಡ ಪಟ್ಟಣವನ್ನೆಲ್ಲ ಜಾಲಾಡಿ ತನಗೊಂದು ತೆಂಗಿನ ಮರ ಹುಡುಕಿಕೊಂಡು ಬಂದ ಮಹಾರಾಯ!

"ಹೋಟೆಲಿನ ಹೊಗೆಯಲ್ಲಿ ಕೆಮ್ಮಿ ಸಾಯುದಕ್ಕಿಂತ ಇದು ಒಳ್ಳೇದು ಮಾರಾಯ್ತಿ" ಎಂದು ನಕ್ಕ. ಸೇವಂತಿ ಅಂದು ಊಟ ಮಾಡಲಿಲ್ಲ.

ಹೆದರಿಕೆಗೆ ಅವಳು ಒಂದು ಉಪಾಯ ಮಾಡಿಕೊಂಡಳು. ದಿನವೂ ನಸುಕಿಗೆ ಗಂಡನ ಜೊತೆ ತಾನೂ ವಾಡಿಗೆ ಹೋಗುವುದು. ಅವನು ಇಳಿಸಿದ ಮಡಕೆಗಳ ನೀರಾ ಸೋಸಿ ಕೊಡುವುದಕ್ಕೆ ಎಂಬುದು ನೆಪ. ನಿಜವಾಗಿ ಅವಳು ಮರದ ಬುಡದಲ್ಲಿ ನಿಂತು, ಕಣ್ಣಿನಿಂದಲೇ ಅವನನ್ನು ಹಿಡಿದುಕೊಳ್ಳುತ್ತಿದ್ದಳು.

ಆ ವರ್ಷ ಮಳೆ ನಿಂತ ಮೇಲೆ ಕಾಂತಪ್ಪನ ಕಾಲು ಸೆಳೆಯತೊಡಗಿತು. ಸಂಜೆ ಚಾಪೆಯ ಮೇಲೆ ಕುಳಿತಿದ್ದಂತೆಯೇ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ, ಅವನು ಹಲ್ಲು ಕಚ್ಚಿ ಉರುಳುತ್ತಿದ್ದ. ಸೇವಂತಿಗೆ ಅಪ್ಪನ ಕೂಗು ಕೇಳಿಸುತ್ತಿತ್ತು. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು. ಹುರುಳಿ ಬೇಯಿಸಿ ಸಾರು ಕುಡಿಸಿದಳು, ಜೀರಿಗೆ ಕಷಾಯ ಕುಡಿಸಿದಳು. ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದಳು. ಇದ್ದುದರಲ್ಲಿ ತಟ್ಟನೆ ನಾಟಿದ್ದು ಒಂದೇ: ಪಾದದ ಬೆರಳುಗಳನ್ನು ಮೊಣಕಾಲ ಕಡೆಗೆ ಬಲವಾಗಿ ಒತ್ತಿ ಹಿಡಿದರೆ ಬಿಗಿ ಸಡಿಲುತ್ತಿತ್ತು. ಆದರೆ ಅದು ನೆಲದ ಮೇಲಿನ ಮದ್ದು. ಮರದ ಮೇಲೆ ಬೆರಳು ಒತ್ತುವವರು ಯಾರು?

"ಎಣ್ಣೆ ತಿಕ್ಕದೆ ಕಾಲು ಸಡಿಲಾಗ್ತದಾ? ಬೆಳ್ಳುಳ್ಳಿ ಹಾಕಿ ಕಾಯಿಸಿ ತಿಕ್ಕು" ಎಂದಳು ಪಕ್ಕದ ಕೋಣೆಯ ಶೀಲಾವತಿಯಕ್ಕ.

ಕಾಂತಪ್ಪ ಅದನ್ನು ಕೇಳಿ ಬೆಚ್ಚಿದ. "ಮರ ಹತ್ತುವವನ ಕಾಲಿಗೆ ಎಣ್ಣೆಯಾ? ನನ್ನನ್ನು ಕೊಲ್ಲಬೇಕೂಂತ ಉಂಟಾ ನಿಂಗೆ?"

ಇದು ಸೇವಂತಿಗೆ ಗೊತ್ತಿಲ್ಲದ ಮಾತೇನಲ್ಲ. ಅಪ್ಪನೂ ಕಾಲಿಗೆ ಎಣ್ಣೆ ಸೋಕಿಸುತ್ತಿರಲಿಲ್ಲ. ಆದರೆ ಸೆಳೆತ ದಿನಾ ಬರತೊಡಗಿದಾಗ ಹೆದರಿಕೆ ಅವಳ ಬುದ್ಧಿಯನ್ನು ತಿಂದುಹಾಕಿತು. ಒಂದು ಸಂಜೆ ಅವನು ದಣಿದು ನಿದ್ದೆಹೋದಾಗ ಮೀನಖಂಡಕ್ಕೆ ಎಣ್ಣೆ ತಿಕ್ಕಿದಳು. ಪಾದಕ್ಕೆ ಒಂದು ಹನಿಯೂ ತಾಗದಂತೆ ನೋಡಿಕೊಂಡು, ಬಟ್ಟೆಯಿಂದ ಒರೆಸಿಯೂ ಒರೆಸಿದಳು. ಬೆಳಿಗ್ಗೆ ಬೆಳ್ಳುಳ್ಳಿಯ ವಾಸನೆ ಚಟ್ನಿಯದಿರಬೇಕೆಂದು ಅವನು ತಿಳಿದುಕೊಂಡ. "ಇವತ್ತು ಕಾಲು ಹಗುರ ಉಂಟು" ಎಂದ. ಸೇವಂತಿ ಒಳಗೊಳಗೇ ಬೀಗಿದಳು.

ವಾಡಿಯ ಎತ್ತರದ ತೆಂಗಿಗೆ ಮೆಟ್ಟಿಲಿನಂತೆ ಕಚ್ಚು ಕಡಿದಿತ್ತು. ಕಾಂತಪ್ಪ ಮರವನ್ನು ತಬ್ಬಿಕೊಂಡು ಕಚ್ಚಿನಿಂದ ಕಚ್ಚಿಗೆ ಏರಿದ. ಏರಿದಂತೆ ಬೆವರಿದ, ಬೆವರಿನೊಂದಿಗೆ ಎಣ್ಣೆಯೂ ಹಿಮ್ಮಡಿಗಿಳಿದು ಅಂಗಾಲಿಗೆ ಬಂತು. ಮುಕ್ಕಾಲು ಮರ ದಾಟಿದಾಗ ಪಾದ ಜಾರಿತು. ಅವನು ಬೆರಳುಗಳನ್ನು ಬಿಗಿದು ಕಚ್ಚನ್ನು ಹಿಡಿದ. ಆ ಬಿಗಿತಕ್ಕೇ ಬಲ ಮೀನಖಂಡ ಸೆಟೆಯಿತು, ಕಾಲು ಕಚ್ಚಿನಿಂದ ಹೊರಬಂದು ಗಾಳಿಯಲ್ಲಿ ನೇತಾಡಿತು.

"ಸೇವಂತೀ... ಕಾಲು!"

ಅವಳು ಸುತ್ತ ನೋಡಿದಳು. ವಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ತಾನೇ ಕೊಂದೆ ಎಂಬ ಒಂದೇ ಮಾತು ತಲೆಯೊಳಗೆ ಗುಡುಗುತ್ತಿತ್ತು. ಹೆಂಗಸರು ಮರ ಹತ್ತುವ ಪದ್ಧತಿ ಅವರ ಕುಲದಲ್ಲಿಲ್ಲ, ಅವಳು ಸೀಬೆ ಮರವನ್ನೂ ಹತ್ತಿದವಳಲ್ಲ. ಆದರೂ ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಮರವನ್ನು ತಬ್ಬಿದಳು.

"ಬರಬೇಡ! ಕೆಳಗೆ ಇಳಿ!" ಎಂದು ಅವನು ಕಿರುಚಿದ.

"ಕೈ ಮಾತ್ರ ಬಿಡಬೇಡಿ! ನಿಮ್ಮ ದಮ್ಮಯ್ಯ, ಕೈ ಬಿಡಬೇಡಿ!"

ಒರಟು ತೊಗಟೆ ಅವಳ ತೋಳು ತರಚಿತು. ಮರ ಗಾಳಿಗೆ ವಾಲಿದಾಗಲೆಲ್ಲ ಅವಳು ಕಣ್ಣು ಮುಚ್ಚಿ ತೊಗಟೆಗೆ ಕೆನ್ನೆ ಒತ್ತಿದಳು. ಕಡೆಗೆ ಅವನ ಪಾದ ಹಣೆಗೆ ತಾಗಿತು. ಎಡಗೈಯಲ್ಲಿ ಮರ ಹಿಡಿದು, ಸೆರಗಿನ ತುದಿಯಿಂದ ಆ ಅಂಗಾಲನ್ನು ಒರೆಸಿ, ಬೆರಳುಗಳನ್ನು ಅಂಗೈಯಿಂದ ಮೇಲಕ್ಕೆ ಒತ್ತಿದಳು. ಕಲ್ಲು ಕರಗಲಿಲ್ಲ. ಇನ್ನೂ ಒತ್ತಿದಳು. ಅವನ ನರಳಿಕೆ ನಿಧಾನವಾಗಿ ಉಸಿರಾಗಿ ಬದಲಾಯಿತು. ಪಾದವನ್ನು ತಾನೇ ಹಿಡಿದು ಕಚ್ಚಿನೊಳಗೆ ಇಟ್ಟಳು.

ಇನ್ನು ಇಳಿಯಬೇಕಾದವಳು ಮೊದಲು ಅವಳೇ. ಕಾಲು ಕಚ್ಚನ್ನು ತಡಕುತ್ತಿತ್ತು, ಸಿಗುತ್ತಿರಲಿಲ್ಲ. "ಇನ್ನೂ ಸ್ವಲ್ಪ ಕೆಳಗೆ... ಎಡಕ್ಕೆ... ಹಾಂ, ಅಲ್ಲೇ" ಎಂದು ಮೇಲಿನಿಂದ ಕಾಂತಪ್ಪ ಹೇಳಿಕೊಡುತ್ತಾ ಬಂದ. ನೆಲ ಮುಟ್ಟಿದ ಮೇಲೆ ಅವಳು ಎಣ್ಣೆಯ ವಿಷಯ ಹೇಳಿ ಅತ್ತಳು. ಅವನು ಅಂಗಾಲನ್ನು ಮಣ್ಣಿಗೆ ತಿಕ್ಕಿ ತಿಕ್ಕಿ ಎಣ್ಣೆ ತೆಗೆದ.

ಮರುದಿನ ನಸುಕಿಗೆ ಇಬ್ಬರೂ ವಾಡಿಗೆ ಹೋದರು. ಕಾಂತಪ್ಪ ಕಾಲು ತೊಳೆದು, ಮಣ್ಣು ತಿಕ್ಕಿ ಒಣಗಿಸಿಕೊಂಡ. ಮರಕ್ಕೆ ಕೈ ಮುಗಿದು ಮೊದಲ ಕಚ್ಚಿನಲ್ಲಿ ಪಾದವಿಟ್ಟ, ತೆಗೆದ. ಮತ್ತೆ ಇಟ್ಟ, ಮತ್ತೆ ತೆಗೆದ.

"ಸೆಳೀತಾ ಉಂಟಾ?" ಎಂದು ಸೇವಂತಿ ಓಡಿಬಂದು ಅವನ ಕಾಲು ಮುಟ್ಟಿದಳು. ಮೀನಖಂಡ ಮೆತ್ತಗಿತ್ತು.

"ಕಾಲಿಗೆ ಎಂಥದೂ ಇಲ್ಲ" ಎಂದ ಕಾಂತಪ್ಪ. "ಇಷ್ಟು ವರ್ಷ ನಾನು ಮರದಿಂದ ಕೆಳಗೆ ನೋಡಿದವನೇ ಅಲ್ಲ. ನಿನ್ನೆ ನೋಡಿದೆ. ನಾನು ಬಿದ್ದಿದ್ರೆ ನಿನ್ನನ್ನೂ ಎಳ್ಕೊಂಡು ಹೋಗ್ತಿದ್ದೆ. ಇನ್ನು ನಂಗೆ ಹತ್ತಲಿಕ್ಕೆ ಆಗುದಿಲ್ಲ."

ಅವನು ಮರದ ಬುಡದಲ್ಲಿ ಕುಸಿದು ಕೂತ. ಇವನು ಮರ ಬಿಡಲಿ ಎಂದು ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ ಸೇವಂತಿಗೇ ಲೆಕ್ಕವಿರಲಿಲ್ಲ. ಈಗ ಅವನ ಮುಖ ನೋಡಿ ಅವಳಿಗೆ ಸಂತೋಷವಾಗಲಿಲ್ಲ. ಪಕ್ಕದಲ್ಲಿ ಕೂತು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.